ಕೊಚ್ಚಿಗೆ ಹೋದರೆ ಎಲ್ಲಿ ಉಳಿಯೋದು? ಫೋರ್ಟ್ ಕೊಚ್ಚಿನಾ, ಮಟ್ಟಾಂಚೇರಿನಾ, ಎರ್ನಾಕುಲಂನಾ?

ತುಂಗಾ_ತೀರದವ

ನಮಸ್ಕಾರ ಎಲ್ಲರಿಗೂ. ಅಮ್ಮ, ನಾನು, ನನ್ನ ಹೆಂಡತಿ ಕೊಚ್ಚಿಗೆ ಹೊರಟಿದ್ದೇವೆ. ಬೆಂಗಳೂರಿಂದ ಗುರುವಾರ ರಾತ್ರಿ ಕನ್ಯಾಕುಮಾರಿ ಎಕ್ಸ್‌ಪ್ರೆಸ್, ಶುಕ್ರವಾರ ಬೆಳಿಗ್ಗೆ ಎರ್ನಾಕುಲಂ ಟೌನ್‌ನಲ್ಲಿ ಇಳಿಯುವುದು, ಭಾನುವಾರ ಸಂಜೆ ಅದೇ ರೈಲಿಗೆ ವಾಪಸ್. ಡಿಸೆಂಬರ್ ಕೊನೆಯ ವಾರವೋ ಜನವರಿ ಮಧ್ಯವೋ ಇನ್ನೂ ತೀರ್ಮಾನವಾಗಿಲ್ಲ.

ರೂಮ್ ಹುಡುಕಲು ಕೂತರೆ ತಲೆ ಕೆಡುತ್ತಿದೆ. ಫೋರ್ಟ್ ಕೊಚ್ಚಿ, ಮಟ್ಟಾಂಚೇರಿ, ಎರ್ನಾಕುಲಂ, ವಿಲ್ಲಿಂಗ್ಡನ್ ದ್ವೀಪ, ಎಲ್ಲವೂ ಮ್ಯಾಪ್‌ನಲ್ಲಿ ಅಕ್ಕಪಕ್ಕ ಕಾಣುತ್ತವೆ, ಆದರೆ ರಸ್ತೆ ದಾರಿ ಹಾಕಿ ನೋಡಿದರೆ ಮುಕ್ಕಾಲು ಗಂಟೆ, ಒಂದು ಗಂಟೆ ಅಂತ ತೋರಿಸುತ್ತದೆ. ಅಮ್ಮನಿಗೆ ಮಂಡಿ ನೋವು, ಸಸ್ಯಾಹಾರಿ ಬೇರೆ. ನಾವಿಬ್ಬರು ಸಿಕ್ಕಿದ್ದೆಲ್ಲ ತಿನ್ನುತ್ತೇವೆ. ಹಳೇ ಊರು ನೋಡಬೇಕು, ಸಂಜೆ ಸುಮ್ನೆ ನಡೆದಾಡಬೇಕು, ಅಷ್ಟೇ ಆಸೆ. ಎಲ್ಲಿ ಉಳಿದರೆ ಸರಿ?

ಕಾಕ್ಕನಾಡ್_ರಿಟರ್ನ್

ಕೆಲಸದ ಮೇಲೆ ಕೊಚ್ಚಿಯಲ್ಲಿ ಇದ್ದವನು ನಾನು. ಕಣ್ಣು ಮುಚ್ಚಿಕೊಂಡು ಫೋರ್ಟ್ ಕೊಚ್ಚಿ ಅಂತೀನಿ.

ಯಾಕೆ ಅಂದ್ರೆ ಆ ಊರಿನ ಚೆಂದ ಇರುವುದೇ ಬೆಳಿಗ್ಗೆ ಎಂಟರೊಳಗೆ ಮತ್ತು ಸಂಜೆ ಐದರ ಮೇಲೆ. ಎರ್ನಾಕುಲಂನಲ್ಲಿ ಉಳಿದವರು ತಿಂಡಿ ತಿಂದು ಹೊರಟು ಹತ್ತೂವರೆ ಹನ್ನೊಂದಕ್ಕೆ ಬರುತ್ತಾರೆ, ಆ ಸೆಕೆಯಲ್ಲಿ ಚೀನೀ ಮೀನು ಬಲೆಗಳ ಮುಂದೆ ಒಂದು ಫೋಟೋ ತೆಗೆದುಕೊಂಡು, ಬೆವರು ಒರೆಸಿಕೊಂಡು, ಕೊಚ್ಚಿಯಲ್ಲಿ ಏನೂ ಇಲ್ಲ ಅಂತ ವಾಪಸ್ ಹೋಗುತ್ತಾರೆ. ಬೆಳಿಗ್ಗೆ ಬೇಗ ಎದ್ದರೆ ಪರೇಡ್ ಮೈದಾನದ ಸುತ್ತ ದೊಡ್ಡ ದೊಡ್ಡ ಮಳೆಮರಗಳ ಕೆಳಗೆ ನೀವು, ನಾಲ್ಕು ಆಡು, ಕ್ರಿಕೆಟ್ ಆಡುವ ಹುಡುಗರು, ಅಷ್ಟೇ. ಪಕ್ಕದಲ್ಲೇ ಸೇಂಟ್ ಫ್ರಾನ್ಸಿಸ್ ಚರ್ಚ್. ವಾಸ್ಕೋ ಡ ಗಾಮ 1524ರಲ್ಲಿ ಕೊಚ್ಚಿಯಲ್ಲೇ ಸತ್ತ, ಅವನನ್ನು ಮೊದಲು ಹೂಳಿದ್ದು ಇಲ್ಲೇ. ಆಮೇಲೆ ಅಸ್ಥಿಯನ್ನು ಪೋರ್ಚುಗಲ್‌ಗೆ ಒಯ್ದರು, ಸಮಾಧಿಯ ಕಲ್ಲು ಮಾತ್ರ ಉಳಿದಿದೆ.

ಪ್ರಿನ್ಸೆಸ್ ಸ್ಟ್ರೀಟಿನ ಮೇಲೆಯೇ ರೂಮ್ ಬೇಡ, ಗಲಾಟೆ ಜಾಸ್ತಿ, ದುಡ್ಡೂ ಜಾಸ್ತಿ. ಸಾಂತಾ ಕ್ರೂಜ್ ಬೆಸಿಲಿಕಾದ ಹಿಂದಿನ ಓಣಿಗಳಲ್ಲಿ ಅಥವಾ ವೇಲಿ ಕಡೆ ಹೋಮ್‌ಸ್ಟೇ ಹುಡುಕಿ. ಮನೆಯವರೇ ಕೆಳಗಿರುತ್ತಾರೆ, ಬೆಳಿಗ್ಗೆ ಅಪ್ಪಂ ಅಥವಾ ಪುಟ್ಟು ಮಾಡಿಕೊಡುತ್ತಾರೆ. ಬುಕ್ ಮಾಡುವಾಗ ಎರಡು ವಿಷಯ ಕೇಳಲೇಬೇಕು. ಒಂದು, ರೂಮ್ ನೆಲಮಹಡಿಯಲ್ಲಿದೆಯಾ. ಹಳೇ ಮನೆಗಳ ಮರದ ಮೆಟ್ಟಿಲು ಕಡಿದಾಗಿರುತ್ತವೆ, ನಿಮ್ಮ ಅಮ್ಮನಿಗೆ ಆಗಲ್ಲ. ಎರಡು, ಕಿಟಕಿಗೆ ಜಾಲರಿ ಇದೆಯಾ. ಕೊಚ್ಚಿ ಸೊಳ್ಳೆ ಗೊತ್ತಲ್ವಾ, ಅದಕ್ಕೆ ಹಳೇ ಊರು ಹೊಸ ಊರು ಅಂತ ಭೇದ ಇಲ್ಲ.

ವಿಲ್ಲಿಂಗ್ಡನ್ ಮಧ್ಯದಲ್ಲಿದೆ, ಎರಡು ಕಡೆಗೂ ಹತ್ತಿರ ಅಂತ ಮಾತ್ರ ಬುಕ್ ಮಾಡಬೇಡಿ. ಬಂದರಿಗಾಗಿ ಹೂಳೆತ್ತಿದ ಮಣ್ಣು ಹಾಕಿ ಮಾಡಿದ ದ್ವೀಪ ಅದು. ಬಂದರು, ನೌಕಾಪಡೆ, ಗೋದಾಮು ಇಷ್ಟೇ. ಹೋಟೆಲ್‌ಗಳು ಚೆನ್ನಾಗಿರಬಹುದು, ಆದರೆ ಕತ್ತಲಾದ ಮೇಲೆ ಗೇಟಿನಿಂದ ಹೊರಗೆ ಬಂದು ನಡೆಯೋದೆಲ್ಲಿಗೆ?

ಪದ್ಮಾ_ಹಾಸನ

ಮೇಲಿನವರು ಹೇಳಿದ್ದು ಗಂಡ ಹೆಂಡತಿ ಇಬ್ಬರೇ ಹೋದರೆ ಸರಿ. ವಯಸ್ಸಾದವರು ಜೊತೆಗಿದ್ದರೆ ನನ್ನ ಮತ ಎರ್ನಾಕುಲಂಗೆ. ಅದರಲ್ಲೂ ಮೆರೈನ್ ಡ್ರೈವ್, ಬೋಟ್ ಜೆಟ್ಟಿ ಸುತ್ತಮುತ್ತ.

ನಾನು ಅತ್ತೆಯವರನ್ನು ಕರೆದುಕೊಂಡು ಹೋಗಿದ್ದೆ. ರೈಲ್ವೆ ಸ್ಟೇಷನ್ ಹತ್ತಿರ, ಆಸ್ಪತ್ರೆ, ಔಷಧಿ ಅಂಗಡಿ ಹತ್ತಿರ, ಲಿಫ್ಟ್ ಇರುವ ಹೋಟೆಲ್, ಇಡ್ಲಿ ದೋಸೆ ಸಾಂಬಾರಿಗೆ ಪರದಾಡಬೇಕಿಲ್ಲ. ಬೆಳಿಗ್ಗೆ ಎದ್ದು ಎರ್ನಾಕುಲತ್ತಪ್ಪನ ದೇವಸ್ಥಾನಕ್ಕೆ ನಡೆದೇ ಹೋಗುತ್ತಿದ್ದರು. ಅಲ್ಲಿಂದ ಫೋರ್ಟ್ ಕೊಚ್ಚಿಗೆ ರಸ್ತೆ ಮೇಲೆ ಹೋಗಲೇಬೇಡಿ, ತೋಪ್ಪುಂಪಡಿ ದಾಟುವಷ್ಟರಲ್ಲಿ ಸಾಕುಸಾಕಾಗುತ್ತದೆ. ಹೈಕೋರ್ಟ್ ಜೆಟ್ಟಿಯಿಂದ ವಾಟರ್ ಮೆಟ್ರೋ ದೋಣಿ ಇದೆ, 2024ರಿಂದ ಫೋರ್ಟ್ ಕೊಚ್ಚಿಗೂ ಹೋಗುತ್ತದೆ. ಎಸಿ ಇದೆ. ಜೆಟ್ಟಿ ನೀರಿನ ಮೇಲೆ ತೇಲುವುದರಿಂದ ದೋಣಿಯ ಮಟ್ಟಕ್ಕೇ ಇರುತ್ತದೆ, ಮಂಡಿ ನೋವಿನವರು ಕಾಲೆತ್ತಿ ಹಾರಬೇಕಾಗಿಲ್ಲ. ಸರ್ಕಾರಿ ಜಲಸಾರಿಗೆಯ ಹಳೇ ದೋಣಿ ತುಂಬಾ ಅಗ್ಗ, ನನಗೆ ಇಷ್ಟವೂ ಅದೇ, ಆದರೆ ಹತ್ತಿ ಇಳಿಯುವಾಗ ಅತ್ತೆಯವರ ಕೈ ಹಿಡಿದುಕೊಳ್ಳಬೇಕಾಯಿತು.

ಒಂದು ಎಚ್ಚರಿಕೆ. ವೈಟ್ಟಿಲದಲ್ಲೂ ವಾಟರ್ ಮೆಟ್ರೋ ಇದೆ, ಅದು ಕಾಕ್ಕನಾಡ್ ಕಡೆಗೆ ಹೋಗುವ ಬೇರೆ ಮಾರ್ಗ. ಬೆಂಗಳೂರು ಬಸ್ಸಿನಲ್ಲಿ ವೈಟ್ಟಿಲದಲ್ಲಿ ಇಳಿದವರು ಅಲ್ಲೇ ಫೋರ್ಟ್ ಕೊಚ್ಚಿ ಟಿಕೆಟ್ ಕೇಳುತ್ತಾ ನಿಂತಿರುತ್ತಾರೆ.

ಕಾಕ್ಕನಾಡ್_ರಿಟರ್ನ್

ಮೇಡಂ, ಒಪ್ಪಿದೆ. ಆದರೆ ಶನಿವಾರ ಭಾನುವಾರ ಆ ವಾಟರ್ ಮೆಟ್ರೋ ಕ್ಯೂ ನೋಡಿದ್ದೀರಾ? ಮಂಡಿ ನೋವಿನವರನ್ನು ಅಷ್ಟು ಹೊತ್ತು ನಿಲ್ಲಿಸಿ, ಸಂಜೆ ಮತ್ತೆ ವಾಪಸ್ ಬರಲು ಅದೇ ಕ್ಯೂ. ಸೂರ್ಯ ಮುಳುಗುವ ಹೊತ್ತಿಗೆ ಸರಿಯಾಗಿ ಗಡಿಯಾರ ನೋಡಿಕೊಂಡು ಜೆಟ್ಟಿಗೆ ಓಡಬೇಕು.

ಕುಂದಾಪ್ರದ_ಪೈ

ಇಬ್ಬರೂ ಮಟ್ಟಾಂಚೇರಿಯನ್ನು ಬಿಟ್ಟೇಬಿಟ್ಟಿರಲ್ಲ ಮಾರಾಯ್ರೆ!

ಅಮ್ಮ ಸಸ್ಯಾಹಾರಿ ಅಂದಿದ್ದಕ್ಕೆ ಹೇಳುತ್ತಿದ್ದೇನೆ. ಮಟ್ಟಾಂಚೇರಿಯ ಚೆರ್ಲಾಯಿ ಕಡೆ ನಮ್ಮ ಕೊಂಕಣಿಯವರು ಇದ್ದಾರೆ. ಗೋವಾದಿಂದ ಪೋರ್ಚುಗೀಸರ ಕಾಟಕ್ಕೆ ಹೊರಟವರಲ್ಲಿ ಕೆಲವರು ನಮ್ಮ ಕರಾವಳಿಯಲ್ಲಿ ನಿಂತರು, ಕೆಲವರು ಕೊಚ್ಚಿವರೆಗೆ ಹೋದರು. ಅಲ್ಲಿನ ತಿರುಮಲ ದೇವಸ್ಥಾನ ನಮ್ಮ ಸಮಾಜದ ದೊಡ್ಡ ದೇವಸ್ಥಾನ. ಅಲ್ಲಿ ಕೊಂಕಣಿ ಮಾತಾಡಿದರೆ ಕೊಂಕಣಿಯಲ್ಲೇ ಉತ್ತರ ಬರುತ್ತದೆ, ಸ್ವಲ್ಪ ರಾಗ ಬೇರೆ ಅಷ್ಟೇ. ಪಕ್ಕದಲ್ಲೇ ಗುಜರಾತಿಗಳ ಬೀದಿ, ಜೈನ ಮಂದಿರ, ಹಾಗಾಗಿ ಸಸ್ಯಾಹಾರಕ್ಕೆ ತೊಂದರೆ ಇಲ್ಲ. ನಿಮ್ಮಿಬ್ಬರಿಗೆ ಕಾಯೀಸ್ ಹೋಟೆಲಿನ ಬಿರಿಯಾನಿಯೂ ಮಟ್ಟಾಂಚೇರಿಯಲ್ಲೇ. ತಡವಾಗಿ ಹೋದರೆ ಖಾಲಿ ಆಗಿರುತ್ತದೆ.

ಉಳಿಯಲು ಅಂತ ಕೇಳಿದರೆ ಮಾತ್ರ ನಾನು ಅರ್ಧ ಮನಸ್ಸಿನಿಂದ ಹೇಳೋದು. ಹಗಲು ಬಜಾರ್ ರಸ್ತೆಯಲ್ಲಿ ಲಾರಿ, ಮೂಟೆ, ಒಣ ಶುಂಠಿ, ಕಾಳುಮೆಣಸಿನ ಘಾಟು, ನನಗಂತೂ ಫೋರ್ಟ್ ಕೊಚ್ಚಿಯ ಕೆಫೆಗಳಿಗಿಂತ ಅದೇ ಇಷ್ಟ. ಆದರೆ ಒಳ್ಳೆಯ ರೂಮ್‌ಗಳು ಕಡಿಮೆ, ರಾತ್ರಿ ಬೇಗ ಬೀದಿ ಖಾಲಿ. ಫೋರ್ಟ್ ಕೊಚ್ಚಿಯಲ್ಲಿ ಉಳಿದು ಆಟೋದಲ್ಲಿ ಬನ್ನಿ, ಮೂರು ಕಿ.ಮೀ. ಒಳಗೆ. ಆಟೋದವನು ತಾನಾಗಿ ಕಡಿಮೆ ರೇಟು ಹೇಳಿದರೆ ದಾರಿಯಲ್ಲಿ ಎರಡು ಮೂರು ಅಂಗಡಿಗೆ ನುಗ್ಗಿಸುತ್ತಾನೆ ಅಂತ ಅರ್ಥ, ಅವನಿಗೆ ಕಮಿಷನ್ ಇರುತ್ತದೆ.

ಇನ್ನೊಂದು, ನಿಮ್ಮ ದಿನಗಳನ್ನು ನೋಡಿದರೆ ಭಯ ಆಗುತ್ತದೆ. ಮಟ್ಟಾಂಚೇರಿ ಅರಮನೆಗೆ ಶುಕ್ರವಾರ ರಜೆ. ಯಹೂದಿಗಳ ಪ್ರಾರ್ಥನಾ ಮಂದಿರ ಪರದೇಸಿ ಸಿನಗಾಗ್, 1568ರದ್ದು, ಅದು ಶನಿವಾರ ಮುಚ್ಚಿರುತ್ತದೆ, ಶುಕ್ರವಾರವೂ ಮಧ್ಯಾಹ್ನದ ಮೇಲೆ ನಂಬಬೇಡಿ. ಎರಡನ್ನೂ ಒಟ್ಟಿಗೆ ನೋಡಬೇಕು ಅಂದರೆ ನಿಮಗೆ ಭಾನುವಾರ ಬೆಳಿಗ್ಗೆ ಒಂದೇ ಇರೋದು. ಅರಮನೆಯ ರಾಮಾಯಣದ ಭಿತ್ತಿಚಿತ್ರಗಳನ್ನು ತಪ್ಪಿಸಬೇಡಿ.

ತುಂಗಾ_ತೀರದವ

ಎಲ್ಲರಿಗೂ ಧನ್ಯವಾದ. ಶುಕ್ರವಾರ ಶನಿವಾರದ ರಜೆ ವಿಷಯ ಗೊತ್ತೇ ಇರಲಿಲ್ಲ ಪೈ ಅವರೇ. ಅಮ್ಮನನ್ನು ಕೇಳಿದೆ, "ದಿನಾ ದೋಣಿ ಹತ್ತಿಸಬೇಡ, ಒಂದೇ ಕಡೆ ಕೂರಿಸು" ಅಂದರು. ಹಾಗಾಗಿ ಫೋರ್ಟ್ ಕೊಚ್ಚಿ, ನೆಲಮಹಡಿ ರೂಮ್. ಡಿಸೆಂಬರ್ ಕೊನೆಗೆ ಹೋದರೆ ಹೊಸ ವರ್ಷದ ಕಾರ್ನಿವಲ್ ಸಿಗುತ್ತದೆ ಅಂತ ಹೆಂಡತಿ ಹೇಳುತ್ತಿದ್ದಾಳೆ. ಹೇಗೆ? ಸಮುದ್ರಕ್ಕೆ ಇಳಿಯಬಹುದಾ?

ಕಾಕ್ಕನಾಡ್_ರಿಟರ್ನ್

ಅಮ್ಮನ ಜೊತೆ ಡಿಸೆಂಬರ್ 31 ಬೇಡವೇ ಬೇಡ. ಮಧ್ಯರಾತ್ರಿ ಪಪ್ಪಾಂಜಿ ಅಂತ ದೊಡ್ಡ ಮುದುಕನ ಬೊಂಬೆ ಸುಡುತ್ತಾರೆ, ಅದನ್ನು ನೋಡಲು ಇಡೀ ಜಿಲ್ಲೆ ಬಂದು ಬೀಳುತ್ತದೆ, ಪೊಲೀಸರು ಗಾಡಿಗಳನ್ನು ಮೊದಲೇ ತಡೆದುಬಿಡುತ್ತಾರೆ, ರೂಮಿನ ರೇಟಂತೂ ಕೇಳಲೇಬೇಡಿ. ಜನವರಿ ಮಧ್ಯಕ್ಕೆ ಇಟ್ಟುಕೊಳ್ಳಿ. ಬಿನಾಲೆ, ಅಂದರೆ ಎರಡು ವರ್ಷಕ್ಕೊಮ್ಮೆಯ ದೊಡ್ಡ ಕಲಾ ಪ್ರದರ್ಶನ, ನಡೆಯುವ ವರ್ಷವಾದರೆ ಅದೂ ಸಿಗುತ್ತದೆ, ಮಾರ್ಚ್‌ವರೆಗೆ ಇರುತ್ತದೆ.

ಫೋರ್ಟ್ ಕೊಚ್ಚಿ ಬೀಚ್ ನೋಡಲು ಮಾತ್ರ, ಇಳಿಯಲು ಅಲ್ಲ. ನೀರಿಗೆ ಇಳಿಯಬೇಕು ಅಂದರೆ ಚೆರಾಯಿ. ಜಂಕಾರ್‌ನಲ್ಲಿ (ಗಾಡಿಗಳನ್ನೂ ಸಾಗಿಸುವ ದೋಣಿ) ಎದುರಿನ ವೈಪಿನ್ ದ್ವೀಪಕ್ಕೆ ದಾಟಿ ಅಲ್ಲಿಂದ 20 ಕಿ.ಮೀ. ಮೇಲೆ ಆಗುತ್ತದೆ. ಶನಿವಾರ ನಿಮಗೆ ಖಾಲಿ ಇದೆಯಲ್ಲ, ಅವತ್ತು ಹೋಗಿ.

ಪದ್ಮಾ_ಹಾಸನ

ಫೋರ್ಟ್ ಕೊಚ್ಚಿ ಅಂತ ತೀರ್ಮಾನ ಮಾಡಿದ್ದೀರಿ, ಸರಿ. ಆದರೆ ಭಾನುವಾರ ಸಂಜೆ ಸ್ಟೇಷನ್‌ಗೆ ಹೋಗಲು ದೋಣಿ ನಂಬಿಕೊಳ್ಳಬೇಡಿ, ಅವತ್ತು ವಾಪಸ್ ಹೋಗುವವರ ಜನಸಾಗರ. ಹೋಮ್‌ಸ್ಟೇಯವರಿಗೆ ಹೇಳಿ ಕಾರು ಮಾಡಿಸಿಕೊಂಡು, ರೈಲಿಗೆ ಎರಡು ಗಂಟೆ ಮುಂಚೆ ಹೊರಟುಬಿಡಿ. ಅಮ್ಮನಿಗೆ ರಾತ್ರಿ ಊಟವನ್ನೂ ಕಟ್ಟಿಸಿಕೊಳ್ಳಿ.