ಖಾನ್ಸಾರ್‌ನಲ್ಲಿ ಮೂರು ರಾತ್ರಿ ಉಳಿಯಬಹುದಾ? ಹೋಗಿಬಂದವರು ಹೇಳಿ

ಹಾಸನದ ಹುಡುಗಿ: ಏಪ್ರಿಲ್ ಕೊನೆಗೆ ಅಮ್ಮನ ಜೊತೆ ಇರಾನಿನ ಇಸ್ಫಹಾನ್‌ಗೆ ಹೋಗುತ್ತಿದ್ದೇನೆ. ಅಲ್ಲಿಂದ ಸುಮಾರು 150 ಕಿ.ಮೀ. ದೂರದ ಖಾನ್ಸಾರ್‌ನಲ್ಲಿ ತಲೆಕೆಳಗಾಗಿ ಅರಳುವ ಟ್ಯುಲಿಪ್ ನೋಡುವ ಆಸೆ. ಅಲ್ಲೇ ಉಳಿಯುವುದಾ, ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರುವುದಾ? ಅಮ್ಮನಿಗೆ 64 ವರ್ಷ. ಮಂಡಿ ನೋವಿದೆ, ಮೊಟ್ಟೆ ಕೂಡ ಮುಟ್ಟುವುದಿಲ್ಲ.

ಬೆಣ್ಣೆನಗರಿ: ಉಳಿಯಿರಿ. ನಾನು ಉಳಿಯದೆ ಕೆಟ್ಟೆ. 2024ರ ಫೆಬ್ರವರಿಯಲ್ಲಿ ನಮ್ಮವರಿಗೆ ವೀಸಾ ಇಲ್ಲದೆ 15 ದಿನ ಅಂದ ಕೂಡಲೇ ಟಿಕೆಟ್ ಮಾಡಿಸಿದೆ. ಏಪ್ರಿಲ್ 12ಕ್ಕೆ ಖಾನ್ಸಾರ್ ತಲುಪಿದೆ. ಊರೇ 2,200 ಮೀಟರ್ ಎತ್ತರದಲ್ಲಿದೆ, ಹೂವಿನ ಬಯಲು ಗುಲೆಸ್ತಾನ್ ಕೂಹ್ ಇನ್ನೂ ಮೇಲೆ, ಅದಕ್ಕೇ ಹೂ ಅರಳುವುದು ತಡ. ಗೇಣುದ್ದ ಹಸಿರು ಕಾಂಡ ಬಿಟ್ಟರೆ ಏನೂ ಇರಲಿಲ್ಲ. ಟ್ಯಾಕ್ಸಿಯವನು ಎರಡು ಮಿಲಿಯನ್ ಅಂದಿದ್ದ. ನಾನು ರಿಯಾಲ್ ಅಂದುಕೊಂಡೆ. ಇಳಿಯುವಾಗ ತೋಮಾನ್ ಅಂದ. ಹತ್ತು ರಿಯಾಲ್ ಸೇರಿದರೆ ಒಂದು ತೋಮಾನ್, ಅಂದರೆ ಹತ್ತು ಪಟ್ಟು. ಆಗ ಡಾಲರ್‌ಗೆ 60 ಸಾವಿರ ತೋಮಾನ್ ಮೇಲಿತ್ತು. ಮೂರು ಡಾಲರ್ ಅಂದುಕೊಂಡ ಕಡೆ ಮೂವತ್ತಕ್ಕೂ ಜಾಸ್ತಿ ಹೋಯಿತು. ನಮ್ಮ ಕಾರ್ಡ್ ಅಲ್ಲಿ ನಡೆಯುವುದಿಲ್ಲ. ಉಳಿದ ನಾಲ್ಕು ದಿನ ನೋಟು ಎಣಿಸುತ್ತಾ ಕಳೆದೆ.

ಜಯನಗರ 4ನೇ ಬ್ಲಾಕ್: ಸರ್, ಅದು ಮೋಸ ಅಲ್ಲ. ಅಲ್ಲಿ ಎಲ್ಲರೂ ತೋಮಾನ್‌ನಲ್ಲೇ ಮಾತಾಡುತ್ತಾರೆ. ಕೇಳಿಕೊಂಡು ಹತ್ತಬೇಕಿತ್ತು.

ನಾವು ಅದೇ ವರ್ಷ ಮೇ ಮೊದಲ ವಾರ ಹೋಗಿ ಮೂರು ರಾತ್ರಿ ಉಳಿದೆವು. ನನ್ನ ಜೀವನದ ಒಳ್ಳೆಯ ನಿರ್ಧಾರಗಳಲ್ಲಿ ಅದೂ ಒಂದು. ಎರಡೂ ಕಡೆ ಬೋಳು ಬೆಟ್ಟ, ನಡುವೆ ಹೊಳೆ ಹಿಡಿದುಕೊಂಡು ಉದ್ದಕ್ಕೆ ಊರು, ಅಕ್ರೋಟ್ ತೋಟಗಳು. ಸಂಜೆ ಬಿಸಿಲು ಬೇಗ ಬೆಟ್ಟದ ಹಿಂದೆ ಹೋಗುತ್ತದೆ, ಚಳಿ ಹಿಡಿಯುತ್ತದೆ. ನಮ್ಮ ರೂಮಿನ ಹೀಟರ್ ಕೆಟ್ಟಿತ್ತು, ಎರಡು ರಾತ್ರಿ ಜಾಕೆಟ್ ಹಾಕಿಕೊಂಡೇ ಮಲಗಿದೆವು. ಆದರೂ ಬೆಳಗಿನ ಏಳಕ್ಕೆ ಆ ಬಯಲಿನಲ್ಲಿ ನಾವಿಬ್ಬರೇ! ಅಂದಹಾಗೆ ಅದು ಟ್ಯುಲಿಪ್ ಅಲ್ಲ, ಟ್ಯುಲಿಪ್ ಇರುವ ಲಿಲ್ಲಿ ಕುಟುಂಬದ್ದೇ ಬೇರೆ ಹೂವು. ಮಂಡಿಯೂರಿ, ಗಂಟೆಯಾಕಾರದ ಒಂದು ಹೂವನ್ನು ಬೆರಳಿನಿಂದ ಮೇಲೆತ್ತಿ ನೋಡಿ. ಒಳಗೆ ಆರು ಹನಿ ಮಕರಂದ, ಬೀಳುವ ಹಾಗೆ ಇರುತ್ತವೆ, ಬೀಳುವುದಿಲ್ಲ. ಅಲ್ಲಿನವರು ಅದನ್ನು ಮರಿಯಮ್ಮಳ ಕಣ್ಣೀರು ಅನ್ನುತ್ತಾರೆ. ವಾಸನೆ ಮಾತ್ರ ನರಿಯದು. ಕೀಳಬೇಡಿ.

ಬೆಣ್ಣೆನಗರಿ: ಕೇಳಿಕೊಂಡೇ ಹತ್ತಿದೆ ಮೇಡಂ. ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ನನಗೆ ಫಾರ್ಸಿ ಬರುತ್ತಿರಲಿಲ್ಲ. ದುಡ್ಡು ಕಳೆದುಕೊಂಡವನಿಗೆ ಪಾಠ ಹೇಳುವುದು ಸುಲಭ.

ಮೈಸೂರು ಪಾಕಶಾಲೆ: ಮೊಟ್ಟೆ ಮುಟ್ಟದವರು ಅಂದಿದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ. ಖಾನ್ಸಾರ್ ಗಝ್‌ಗೆ ಹೆಸರುವಾಸಿ. ಬಿಳೀ ಮಿಠಾಯಿ, ಒಳಗೆ ಪಿಸ್ತಾ. ನಮ್ಮ ಯಜಮಾನರು ಅರ್ಧ ಡಬ್ಬಿ ತಿಂದ ಮೇಲೆ ಗೊತ್ತಾಯಿತು, ಅದರಲ್ಲಿ ಮೊಟ್ಟೆಯ ಬಿಳಿ ಹಾಕುತ್ತಾರೆ. ಅಸಲಿ ಗಝ್‌ನ ಸಿಹಿಯೂ ಗಿಡದ ರಸ ಅಲ್ಲ, ಬೆಟ್ಟದ ಮುಳ್ಳುಗಿಡದ ಮೇಲೆ ಕೂರುವ ಸಣ್ಣ ಹುಳ ಹೊರಹಾಕುವ ಅಂಟು. ಅವರು ಎರಡು ದಿನ ಬರೀ ರೊಟ್ಟಿ, ಸೌತೆಕಾಯಿ ತಿಂದರು. ಐದು ಡಬ್ಬಿ ಹಂಚಿಬಿಟ್ಟೆ. ಅಷ್ಟು ದುಡ್ಡೂ ನಷ್ಟ.

ಜಯನಗರ 4ನೇ ಬ್ಲಾಕ್: ಜೇನುತುಪ್ಪವೂ ಹುಳದಿಂದಲೇ ಬರುವುದು ಅಲ್ವಾ?

ಮೈಸೂರು ಪಾಕಶಾಲೆ: ನಮ್ಮ ಮನೆಯ ಆಚಾರ ನಮಗೆ. ನಿಮ್ಮನ್ನು ಕೇಳಲಿಲ್ಲ. ಜೇನು ಅಂದಿರಲ್ಲ, ಅಲ್ಲಿಂದ ತಂದ ಎರಡು ಕೆಜಿಯೂ ಒಂದೇ ತಿಂಗಳಲ್ಲಿ ಗಟ್ಟಿಯಾಗಿ ಸಕ್ಕರೆ ಕಟ್ಟಿತು. ಕಲಬೆರಕೆ.

ಶಿರಸಿ ಜೇನುಗಾರ: ದಯವಿಟ್ಟು ಹಾಗೆ ಹೇಳಬೇಡಿ ಅಕ್ಕಾ. ಇಪ್ಪತ್ತು ವರ್ಷದಿಂದ ಪೆಟ್ಟಿಗೆ ಇಟ್ಟಿದ್ದೇನೆ. ಅಪ್ಪಟ ಜೇನೂ ಗಟ್ಟಿಯಾಗುತ್ತದೆ. ಗ್ಲೂಕೋಸ್ ಜಾಸ್ತಿ ಇದ್ದರೆ ಬೇಗ, ಚಳಿಯಲ್ಲಿ ಇನ್ನೂ ಬೇಗ. ನಮ್ಮ ತುಡುವೆ ಜೇನನ್ನೂ ಗಿರಾಕಿಗಳು ಇದೇ ಮಾತು ಹೇಳಿ ವಾಪಸ್ ತಂದಿದ್ದಾರೆ, ಹೊಟ್ಟೆ ಉರಿಯುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಬಾಟಲಿ ಇಡಿ, ಕರಗುತ್ತದೆ. ಕುದಿಸಬೇಡಿ.

ಮೈಸೂರು ಪಾಕಶಾಲೆ: ಎರಡೂ ಬಾಟಲಿ ಚೆಲ್ಲಿ ಆಯಿತು.

ಶಿರಸಿ ಜೇನುಗಾರ: ಅಯ್ಯೋ. ಆ ಬೆಟ್ಟದ ಜೇನು ಒಮ್ಮೆಯಾದರೂ ನೆಕ್ಕಿ ನೋಡಬೇಕು ಅಂತ ನನಗೆ ಎಷ್ಟು ವರ್ಷದ ಆಸೆ.

ಹಾಸನದ ಹುಡುಗಿ: ಎಲ್ಲರಿಗೂ ಧನ್ಯವಾದ. ಅಮ್ಮ ಎಷ್ಟು ನಡೆಯಬೇಕಾಗುತ್ತದೆ ಅಂತ ಯಾರಾದರೂ ಹೇಳುತ್ತೀರಾ?

ಬೆಣ್ಣೆನಗರಿ: ಗಾಡಿ ಬಯಲಿನ ಅಂಚಿನವರೆಗೂ ಹೋಗುತ್ತದೆ ತಂಗಿ. ಹೂವಿದ್ದರೆ ರಸ್ತೆಯಿಂದಲೇ ಕಾಣುತ್ತದಂತೆ. ಶುಕ್ರವಾರ ಬಿಡಿ, ಅವತ್ತು ಅಲ್ಲಿ ರಜೆ, ಜನ ಜಾಸ್ತಿ. ಬಾಡಿಗೆಯನ್ನು ಕಾಗದದ ಮೇಲೆ ಬರೆಸಿಕೊಂಡೇ ಹತ್ತಿ.