ಅಪ್‌ಡೇಟ್: ಸದ್ದಿಲ್ಲದೆ ನಿಂತುಬಿಡುತ್ತಿದ್ದ ಪ್ರೋಗ್ರಾಂ ಈಗ ಓಡುತ್ತಿದೆ

ರಾತ್ರಿ ಹೊತ್ತು ಸರ್ವರ್‌ನಿಂದ ದತ್ತಾಂಶ ತರುವ ನನ್ನ ಪೈಥಾನ್ ಪ್ರೋಗ್ರಾಂ ಯಾವ ದೋಷವನ್ನೂ ತೋರಿಸದೆ ಗಂಟೆಗಟ್ಟಲೆ ನಿಂತುಬಿಡುತ್ತದೆ, ಏಕೆ ಎಂದು ಹಿಂದೆ ಕೇಳಿದ್ದೆ. ಟೈಮ್‌ಔಟ್ (ಎಷ್ಟು ಹೊತ್ತು ಕಾಯಬೇಕೆಂಬ ಮಿತಿ) ನೋಡಿ ಎಂದವರ ಊಹೆಯೇ ಸರಿ. ಸರ್ವರ್‌ಗೆ ಕೋರಿಕೆ ಕಳಿಸಲು ನಾನು ಬಳಸುವ ರಿಕ್ವೆಸ್ಟ್ಸ್ ಎಂಬ ಪೈಥಾನ್ ಲೈಬ್ರರಿಯಲ್ಲಿ ನಾವಾಗಿ ಹೇಳದಿದ್ದರೆ ಟೈಮ್‌ಔಟ್ ಎಂಬುದೇ ಇಲ್ಲ. ಅತ್ತಲಿನ ಸರ್ವರ್ ಮೌನವಾದರೆ ಇದು ಶಬರಿಯಂತೆ ಕಾಯುತ್ತದೆ. (ಇದೇ ಕೆಲಸದ ಇನ್ನೊಂದು ಲೈಬ್ರರಿಯಾದ ಎಚ್‌ಟಿಟಿಪಿಎಕ್ಸ್‌ನಲ್ಲಿ 5 ಸೆಕೆಂಡಿನ ಮಿತಿ ಮೊದಲೇ ಇರುತ್ತದೆ. ನನ್ನ ಮಟ್ಟಿಗೆ ಅದೇ ವಿವೇಕದ ಆಯ್ಕೆ.)

ಈಗ ಸಂಪರ್ಕಕ್ಕೆ 3, ಉತ್ತರಕ್ಕೆ 30 ಸೆಕೆಂಡ್ ಎಂದು ಬೇರೆಬೇರೆಯಾಗಿ ಕೊಟ್ಟಿದ್ದೇನೆ. ಆದರೆ ಆ 30 ಇಡೀ ಡೌನ್‌ಲೋಡ್‌ಗೆ ಹಾಕಿದ ಮಿತಿಯಲ್ಲ. ಒಂದು ತುಣುಕು ಬಂದ ಮೇಲೆ ಇನ್ನೊಂದು ಬರುವವರೆಗಿನ ಮೌನಕ್ಕೆ ಮಾತ್ರ. ಸ್ವಲ್ಪ ಸ್ವಲ್ಪವೇ ಕಳಿಸುವ ಸರ್ವರ್ ಬೆಳಗಿನವರೆಗೂ ಎಳೆಯಬಹುದು. ಒಟ್ಟು ಸಮಯದ ಲೆಕ್ಕವನ್ನು ನಾವೇ ಇಡಬೇಕು.

503 (ಸದ್ಯ ಸೇವೆ ಲಭ್ಯವಿಲ್ಲ ಎಂಬ ಸರ್ವರ್‌ನ ಉತ್ತರ) ಬಂದಾಗ ಮರುಯತ್ನಿಸಲು, ಕೋರಿಕೆಗಳನ್ನು ಕಳಿಸುವ ಸೆಷನ್‌ಗೆ ಅಡಾಪ್ಟರ್ ಎಂಬ ಜೋಡಣೆಯ ಮೂಲಕ ರಿಟ್ರೈ ಎಂಬ ಮರುಯತ್ನದ ಸೌಲಭ್ಯ ಸೇರಿಸಿದೆ. ಅದು ರಿಕ್ವೆಸ್ಟ್ಸ್ ಒಳಗೆ ಬಳಸುವ ಯುಆರ್‌ಎಲ್‌ಲಿಬ್3 ಲೈಬ್ರರಿಯದು. 503 ಬಂದರೂ ಪೋಸ್ಟ್ ಕೋರಿಕೆಯನ್ನು (ಸರ್ವರ್‌ಗೆ ದತ್ತಾಂಶ ಕಳಿಸುವಂಥದ್ದು) ರಿಟ್ರೈ ತಾನಾಗಿ ಮತ್ತೆ ಕಳಿಸುವುದಿಲ್ಲ. ಒಂದೇ ದಾಖಲೆ ಎರಡು ಬಾರಿ ಸೇರದಿರಲು ಅದೇ ಕ್ಷೇಮ, ಹಾಗಾಗಿ ಯಾವ ಬಗೆಯ ಕೋರಿಕೆಗಳನ್ನು ಮತ್ತೆ ಕಳಿಸಬಹುದು ಎಂಬ ಅದರ ಪಟ್ಟಿಯನ್ನು ಮುಟ್ಟಿಲ್ಲ.

ಸರ್ವರ್ ಅಸಲಿಯೇ ಎಂದು ನೋಡುವ ಪ್ರಮಾಣಪತ್ರದ ತಪಾಸಣೆಯನ್ನೇ ನಿಲ್ಲಿಸಿಬಿಡಿ ಎಂಬ ಸಲಹೆಯೂ ಬಂದಿತ್ತು. ಅದನ್ನು ಪಾಲಿಸಲಿಲ್ಲ, ಈ ತೊಂದರೆಗೂ ಅದಕ್ಕೂ ಸಂಬಂಧವೇ ಇರಲಿಲ್ಲ.