4×5 ಶೀಟ್ ಫಿಲ್ಮ್ ಮನೆಯಲ್ಲೇ ತೊಳೆಯೋದು: ಗೀರು, ಅಂಟು, ಕಪ್ಪು ಆಕಾಶ

ಪ್ರಶ್ನೆ: ನಮಸ್ಕಾರ ಸರ್, ಮೈಸೂರಿನಿಂದ. 4×5 ಇಂಚಿನ ಎಫ್‌ಪಿ4 (ಕಪ್ಪು-ಬಿಳುಪು ಫಿಲ್ಮ್) ಶೀಟ್‌ಗಳನ್ನ ಬಚ್ಚಲುಮನೆಯಲ್ಲಿ ಟ್ರೇಗೆ ಹಾಕಿ ತೊಳೆದೆ. ಡಿ-76 ಡೆವಲಪರ್‌ಗೆ ಅಷ್ಟೇ ನೀರು ಬೆರೆಸಿ 11 ನಿಮಿಷ. ನಾಲ್ಕು ಶೀಟ್‌ನಲ್ಲಿ ಎರಡು ಅಂಟಿಕೊಂಡವು, ಉಳಿದೆರಡರ ಮೇಲೆ ಗೀರು. ನೆಗೆಟಿವ್‌ನಲ್ಲಿ ಆಕಾಶವಂತೂ ಕಾಡಿಗೆ ಮೆತ್ತಿದ ಹಾಗಿದೆ. ಡೆವಲಪರ್ ಹಳೇದಾಯ್ತಾ?

ಉತ್ತರ: ಹಳೇದಾಗಿದ್ರೆ ನೆಗೆಟಿವ್ ತೆಳ್ಳಗೆ ಬರ್ತಿತ್ತು. 11 ನಿಮಿಷ 20 ಡಿಗ್ರಿಯ ಲೆಕ್ಕ. ನಿಮ್ಮ ನೀರು ಎಷ್ಟಿತ್ತು?

ಪ್ರಶ್ನೆ: ಆವತ್ತು ನೋಡಿರಲಿಲ್ಲ ಸರ್. ಈಗ ನಲ್ಲಿ ನೀರು 27.

ಉತ್ತರ: ಸಿಕ್ಕಿತಲ್ಲ ಕಳ್ಳ! 20 ದಾಟಿದ ಒಂದೊಂದು ಡಿಗ್ರಿಗೂ, ಉಳಿದ ಸಮಯದಲ್ಲಿ ಹೆಚ್ಚುಕಮ್ಮಿ ಶೇ. 10ರಷ್ಟು ಇಳಿಸ್ತಾ ಹೋಗಬೇಕು. ಅಂದ್ರೆ ನೀವು ಬೇಕಾದ್ದಕ್ಕಿಂತ ಎರಡು ಪಟ್ಟು ಹೊತ್ತು ಬಿಟ್ಟಿದ್ದೀರಿ. ಹಾಗಂತ ಐದು ನಿಮಿಷಕ್ಕಿಂತ ಕೆಳಗೆ ಇಳಿಸಿದ್ರೆ ಆಕಾಶ ಪಟ್ಟೆ ಪಟ್ಟೆ ಆಗುತ್ತೆ. ಅದಕ್ಕೇ ಟ್ರೇಯನ್ನ ದೊಡ್ಡ ಬೇಸಿನ್‌ ನೀರಲ್ಲಿ ಇಟ್ಟು, ಆ ನೀರಿಗೆ ಐಸ್ ಬಾಟಲಿ ಹಾಕಿ 20ಕ್ಕೆ ತಣಿಸಿ. ಡೆವಲಪರ್‌ಗೇ ಐಸ್ ಹಾಕಬೇಡಿ, ನೀರಾಗುತ್ತೆ. ಟ್ರೇನಲ್ಲಿ ಕೈ ಆಡ್ತಾನೇ ಇರುತ್ತಲ್ಲ, ಅದಕ್ಕೆ ಇನ್ನೂ ಶೇ. 10–15 ಕಡಿಮೆ ಮಾಡಿ.

ಅಂಟೋದು ಒಣ ಶೀಟ್ ಒಟ್ಟಿಗೆ ಮುಳುಗಿಸಿದ್ರೆ. ಮೊದಲು ಬರೀ ನೀರಿನ ಟ್ರೇ. ಒಂದು ಶೀಟ್ ಪೂರ್ತಿ ನೆನೆದ ಮೇಲೇ ಇನ್ನೊಂದು. ಎಮಲ್ಷನ್ (ಬೆಳಕು ಹಿಡಿಯೋ ಲೇಪದ ಬದಿ) ಮೇಲೆ ಇರಲಿ: ಶೀಟನ್ನ ಉದ್ದಕ್ಕೆ ಹಿಡಿದಾಗ ಅಂಚಿನ ಕಚ್ಚು ಬಲಗಡೆ ಮೇಲ್ಮೂಲೆಯಲ್ಲಿ ಬೆರಳಿಗೆ ಸಿಕ್ಕಿದ್ರೆ ಎಮಲ್ಷನ್ ನಿಮ್ಮ ಮುಖದ ಕಡೆ. ಆಮೇಲೆ ಕೆಳಗಿನದನ್ನ ಎಳೆದು ಮೇಲೆ ಇಡ್ತಾ ಹೋಗಿ. ಗೀರು ಬೀಳೋದು ಇಲ್ಲೇ. ಮೂಲೆ ಮೊದಲು ಇಳಿದ್ರೆ ಕೆಳಗಿನ ಶೀಟನ್ನ ಗೀಚುತ್ತೆ. ಅಪ್ಪಳದ ಹಾಗೆ ಮಟ್ಟಸವಾಗಿ ಬಿಡಿ. ಉಗುರು ಕತ್ತರಿಸಿ. ಹಾಳಾದ ನಾಲ್ಕು ಶೀಟ್ ಇದೆಯಲ್ಲ, ಬೆಳಕಲ್ಲಿ ಕಣ್ಮುಚ್ಚಿಕೊಂಡು ಅದರಲ್ಲೇ ಕೈ ಪಳಗಿಸಿ. ನಾನೂ ಎರಡಕ್ಕಿಂತ ಹೆಚ್ಚು ಹಾಕ್ತಿರಲಿಲ್ಲ ಮೊದಮೊದಲು.

ಪ್ರಶ್ನೆ: ಕತ್ತಲಲ್ಲಿ ಕೈ ನಡುಗುತ್ತೆ ಸರ್. ಕೆಂಪು ದೀಪ ಹಾಕಬಹುದಾ? ರೋಲ್ ಫಿಲ್ಮ್ ಟ್ಯಾಂಕ್ ಕೂಡ ಇದೆ.

ಉತ್ತರ: ಕೆಂಪು ದೀಪ ಆರ್ಥೋ ಫಿಲ್ಮ್‌ಗೆ (ಅದಕ್ಕೆ ಕೆಂಪು ಬೆಳಕು ಕಾಣಲ್ಲ) ಸರಿ, ಎಫ್‌ಪಿ4ಗೆ ಬೇಡವೇ ಬೇಡ. ಟ್ಯಾಂಕ್ ಒಂದು ಲೀಟರ್‌ದಾದ್ರೆ, ಒಳಗಿನ ರೀಲ್ ತೆಗೆದು ನಡುವಿನ ಕೊಳವೆ ಮಾತ್ರ ಬಿಡಿ, ಅದಿಲ್ದಿದ್ರೆ ಬೆಳಕು ನುಗ್ಗುತ್ತೆ. ಎಮಲ್ಷನ್ ಒಳಗಿರೋ ಹಾಗೆ ಶೀಟ್ ಬಗ್ಗಿಸಿ, ತಲೆಗೂದಲಿಗೆ ಹಾಕೋ ಬ್ಯಾಂಡ್ ಸುತ್ತಿ, ಸುತ್ತ ನಿಲ್ಲಿಸಿ. ನಾಲ್ಕು ಹಿಡಿಸುತ್ತೆ. ಹೈಪೋ (ಚಿತ್ರವನ್ನ ಸ್ಥಿರ ಮಾಡೋ ಫಿಕ್ಸರ್) ಆದ ಮೇಲೆ ಬ್ಯಾಂಡ್ ಬಿಚ್ಚಿ ತೊಳೀರಿ, ಬೆನ್ನಲ್ಲಿ ಬಣ್ಣದ ಗೆರೆ ಉಳಿದಿದ್ರೆ ಹೋಗುತ್ತೆ. ಬೋರ್‌ವೆಲ್ ನೀರಾದ್ರೆ ಕೊನೇ ಮುಳುಗು ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್‌ನಲ್ಲಿ.